ಜಪಾನಿನಲ್ಲಿ ಕ್ಯಾಮೆರಾ ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು

ಮೊದಲ ಸಲ ಜಪಾನಿಗೆ ಹೋಗಿ ಬಂದಾಗ ನನ್ನ ಹತ್ತಿರ ಮೂರು ಸಾವಿರಕ್ಕೂ ಜಾಸ್ತಿ ಫೋಟೋ ಇದ್ದವು. ಟಿವಿಗೆ ಹಾಕಿ ಮನೆಯವರಿಗೆ ತೋರಿಸಲು ಕೂತೆ. ಹತ್ತು ನಿಮಿಷ ಆಗಿರಬೇಕು, ಅಮ್ಮ "ಇದನ್ನ ಆಗಲೇ ನೋಡಿದ್ವಲ್ಲೋ" ಅಂದರು. ನೋಡಿರಲಿಲ್ಲ. ಅದು ಬೇರೆ ಊರಿನ ಬೇರೆ ದೇವಸ್ಥಾನ. ಆದರೆ ಅಮ್ಮನ ಮಾತಲ್ಲಿ ತಪ್ಪೂ ಇರಲಿಲ್ಲ. ಅದೇ ಕೆಂಪು ಕಮಾನು, ಅದೇ ಮಧ್ಯಾಹ್ನದ ಬಿಸಿಲು, ಕೆಳಗೆ ಅದೇ ತಲೆಗಳ ಸಾಲು.

ಎರಡನೇ ಸಲವೂ ಅದೇ ಕ್ಯಾಮೆರಾ ತೆಗೆದುಕೊಂಡು ಹೋದೆ. ತೆಗೆದ ಫೋಟೋ ಕಾಲು ಭಾಗ. ಅಮ್ಮ ಕೊನೆ ತನಕ ಕೂತು ನೋಡಿದರು. ನಡುವೆ ಬದಲಾಗಿದ್ದು ಎರಡೇ: ನಾನು ಏಳುವ ಹೊತ್ತು, ಮತ್ತು ಕ್ಯಾಮೆರಾ ಎತ್ತುವ ಮುಂಚೆ ಕೇಳುವ ಅಭ್ಯಾಸ. ಟೋಕಿಯೋ, ಕ್ಯೋಟೋ, ಒಸಾಕಾ ಸುತ್ತಲು ಹೊರಟವರಿಗೆ ಅದನ್ನೇ ಪ್ರಯಾಣದ ಕ್ರಮದಲ್ಲಿ ಬರೆದಿದ್ದೇನೆ. ನಿಮ್ಮ ಹತ್ತಿರ ಬರೀ ಫೋನ್ ಇದ್ದರೂ ಇದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಹೊರಡುವ ಮುಂಚೆ

ಮೊದಲು ತಿಂಗಳು ನೋಡಿ. ಟೋಕಿಯೋ, ಕ್ಯೋಟೋದಲ್ಲಿ ಸಕುರಾ ಹೂ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದ ಆಸುಪಾಸು. ಕ್ಯೋಟೋದ ಮೇಪಲ್ ಎಲೆ ಕೆಂಪಾಗುವುದು ನವೆಂಬರ್ ಮಧ್ಯದಿಂದ ಡಿಸೆಂಬರ್ ಶುರುವಿನ ತನಕ. ಎರಡೂ ಚೆಂದ, ಎರಡಕ್ಕೂ ಜಾತ್ರೆಯ ಜನ. ನನ್ನನ್ನು ಕೇಳಿದರೆ ಜನವರಿ, ಫೆಬ್ರವರಿ ಹೇಳುತ್ತೇನೆ. ಚಳಿ ಇರುತ್ತದೆ, ಆದರೆ ಗಾಳಿ ತೊಳೆದಿಟ್ಟ ಹಾಗಿರುತ್ತದೆ. ಟೋಕಿಯೋದಿಂದಲೇ ಫುಜಿ ಪರ್ವತ ಕಾಣುವ ದಿನಗಳು ಆಗಲೇ ಜಾಸ್ತಿ.

ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಕ್ಯಾಮೆರಾದ ಟೈಮನ್ನು ವಿಮಾನದಲ್ಲೇ ಬದಲಾಯಿಸಿ. ಫೋನ್ ತಾನಾಗಿ ಬದಲಾಗುತ್ತದೆ, ಕ್ಯಾಮೆರಾ ಆಗುವುದಿಲ್ಲ. ಆಮೇಲೆ ಎರಡರ ಫೋಟೋ ಸೇರಿಸಿದಾಗ ಬೆಳಗ್ಗೆ ಯಾವುದು, ಮಧ್ಯಾಹ್ನ ಯಾವುದು ಅಂತ ಗೊತ್ತಾಗದೆ ತಲೆ ಕೆಡುತ್ತದೆ.

ಅಲ್ಲಿನ ಕರೆಂಟು 100 ವೋಲ್ಟ್. ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್. ನಮ್ಮ ಗುಂಡು ಪಿನ್ ಅಲ್ಲಿ ಹೋಗುವುದಿಲ್ಲ. ಚಾರ್ಜರಿನ ಮೇಲೆ 100-240 ಅಂತ ಬರೆದಿದ್ದರೆ ಒಂದು ಸಣ್ಣ ಅಡಾಪ್ಟರ್ ಸಾಕು. ಲೆನ್ಸ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಒಂದು ಸಾಕು. ಟ್ರೈಪಾಡ್ ಮನೆಯಲ್ಲೇ ಬಿಡಿ. ಬಹಳಷ್ಟು ದೇವಸ್ಥಾನ, ವೀಕ್ಷಣಾ ಮಹಡಿ, ರೈಲು ಪ್ಲಾಟ್‌ಫಾರ್ಮುಗಳಲ್ಲಿ ಅದನ್ನು ಬಿಚ್ಚಲು ಬಿಡುವುದಿಲ್ಲ. ಡ್ರೋನ್ ಅಂತೂ ಬೇಡವೇ ಬೇಡ. 100 ಗ್ರಾಂ ಮತ್ತು ಅದಕ್ಕೆ ಮೇಲ್ಪಟ್ಟವನ್ನು 2022ರಿಂದ ನೋಂದಣಿ ಮಾಡಿಸಲೇಬೇಕು, ಜನ ತುಂಬಿದ ಊರೊಳಗೆ ಹಾರಿಸಲು ಬೇರೆ ಅನುಮತಿ ಬೇಕು. ಅದರ ಬದಲು ಒಂದು ಕಪ್ಪು ಬಟ್ಟೆ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಟೋಕಿಯೋ: ಸೂರ್ಯನಿಗಿಂತ ಮುಂಚೆ

ಜೂನ್ ತಿಂಗಳಲ್ಲಿ ಟೋಕಿಯೋದಲ್ಲಿ ಸೂರ್ಯ ನಾಲ್ಕೂವರೆಗೂ ಮುಂಚೆಯೇ ಹುಟ್ಟುತ್ತಾನೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಮುಳುಗಿಯೇ ಬಿಡುತ್ತಾನೆ. ಬೆಂಗಳೂರಿನ ಲೆಕ್ಕ ಇಟ್ಟುಕೊಂಡು ಆರಾಮಾಗಿ ತಿಂಡಿ ತಿಂದು ಹೊರಟರೆ ಒಳ್ಳೆಯ ಬೆಳಕು ಮುಗಿದು ಎಷ್ಟೋ ಹೊತ್ತಾಗಿರುತ್ತದೆ. ಹಿಂದಿನ ರಾತ್ರಿಯೇ ಮರುದಿನದ ಸೂರ್ಯೋದಯ, ಸೂರ್ಯಾಸ್ತದ ಹೊತ್ತು ನೋಡಿ, ಅದರ ಪ್ರಕಾರ ದಿನವನ್ನು ಹೊಂದಿಸಿ. ಮಧ್ಯಾಹ್ನ ಊಟ, ಮ್ಯೂಸಿಯಂ, ನಿದ್ದೆ, ಏನು ಬೇಕಾದರೂ ಮಾಡಿ.

ಮೊದಲ ಬೆಳಗ್ಗೆ ಅಸಾಕುಸಾದ ಸೆನ್ಸೋಜಿ ದೇವಸ್ಥಾನಕ್ಕೆ ಹೋಗಿ. ಅದರ ಆವರಣಕ್ಕೆ ಬಾಗಿಲಿಲ್ಲ, ಯಾವ ಹೊತ್ತಿಗೂ ಒಳಗೆ ಹೋಗಬಹುದು. ಮುಂದಿನ ಕಾಮಿನಾರಿಮೋನ್ ದ್ವಾರದಲ್ಲಿ ತೂಗುವ ಕೆಂಪು ಲಾಟೀನು 3.9 ಮೀಟರ್ ಎತ್ತರ, ಸುಮಾರು 700 ಕಿಲೋ ತೂಕ. ಈಗಿನ ದ್ವಾರ 1960ರದ್ದು. ಪ್ಯಾನಾಸೋನಿಕ್ ಕಂಪನಿ ಕಟ್ಟಿದ ಮಾತ್ಸುಶಿತಾ ಕೊನೊಸುಕೆ ಅವರ ದೇಣಿಗೆಯಿಂದ ಕಟ್ಟಿದ್ದು. ಹತ್ತು ಗಂಟೆಗೆ ಹೋದರೆ ಎಲ್ಲರೂ ಲಾಟೀನಿನ ಎದುರು ನಿಂತು ಸೆಲ್ಫಿ ತೆಗೆಯುತ್ತಿರುತ್ತಾರೆ. ನೀವು ಐದೂವರೆಗೆ ಹೋಗಿ ಲಾಟೀನಿನ ಅಡಿಯಲ್ಲೇ ನಿಲ್ಲಿ, ತಲೆ ಎತ್ತಿ. ಅದರ ತಳದ ಮರದ ಬಿಲ್ಲೆಯಲ್ಲಿ ಒಂದು ಡ್ರ್ಯಾಗನ್ ಕೆತ್ತಿದ್ದಾರೆ. ಫೋನನ್ನು ಅಂಗಾತ ಹಿಡಿದು ನೇರ ಮೇಲಕ್ಕೆ ತೆಗೆದರೆ ಚೌಕಟ್ಟಿನ ತುಂಬ ಲಾಟೀನಿನ ಕೆಂಪು ಪದರಗಳು, ನಡುವೆ ಆ ಡ್ರ್ಯಾಗನ್. ನನ್ನ ಮೊದಲ ಸಲದ ಮೂರು ಸಾವಿರದಲ್ಲಿ ಇದು ಇರಲಿಲ್ಲ, ಅದರ ಕೆಳಗೇ ನಾಲ್ಕು ಸಲ ಓಡಾಡಿದ್ದರೂ!

ಒಳಗಿನ ನಾಕಾಮಿಸೆ ಬೀದಿ ಸುಮಾರು 250 ಮೀಟರ್ ಉದ್ದ. ಅಂಗಡಿ ಮುಚ್ಚಿದ ಬೀದಿಯಲ್ಲಿ ಏನಿದೆ ಅಂತ ಅನಿಸಬಹುದು. ಆ ಶಟರುಗಳ ಮೇಲೇ ಅಸಾಕುಸಾದ ಹಬ್ಬ, ಋತುಗಳ ಚಿತ್ರ ಬಿಡಿಸಿದ್ದಾರೆ. ಅಂಗಡಿ ತೆರೆದ ಕೂಡಲೇ ಅವು ಮಾಯ. ಸಂಜೆ ವಾಪಸ್ ಬಂದು, ದ್ವಾರದ ಎದುರಿಗಿರುವ ಪ್ರವಾಸಿ ಮಾಹಿತಿ ಕೇಂದ್ರದ 8ನೇ ಮಹಡಿಗೆ ಹತ್ತಿ. ದುಡ್ಡಿಲ್ಲ. ಇಡೀ ಬೀದಿ ದೀಪದ ಗೆರೆಯ ಹಾಗೆ ಕಾಣುತ್ತದೆ, ಪಕ್ಕದಲ್ಲಿ 634 ಮೀಟರಿನ ಸ್ಕೈಟ್ರೀ ಗೋಪುರ.

ಅಸಾಕುಸಾದಿಂದ ಗಿನ್ಜಾ ಲೈನ್ ಹಿಡಿದರೆ ಕೊನೆಯ ಸ್ಟೇಷನ್ ಶಿಬುಯಾ. 1927ರಲ್ಲಿ ಏಷ್ಯಾದ ಮೊದಲ ಸುರಂಗ ರೈಲು ಓಡಿದ್ದು ಇದೇ ಲೈನಿನ ಅಸಾಕುಸಾ-ಉಯೆನೋ ನಡುವೆ. ಇಲ್ಲೊಂದು ಉಪಾಯ: ಇಳಿದ ಸ್ಟೇಷನ್ನಿನ ಬೋರ್ಡನ್ನು ಮೊದಲು ಒಂದು ಫೋಟೋ ತೆಗೆಯಿರಿ. ಪ್ರತಿ ಸ್ಟೇಷನ್ನಿಗೂ ನಂಬರ್ ಇದೆ, ಅಸಾಕುಸಾ ಜಿ 19, ಶಿಬುಯಾ ಜಿ 01. ಆರು ತಿಂಗಳಾದ ಮೇಲೆ ಫೋಟೋ ನೋಡುವಾಗ ಯಾವುದು ಎಲ್ಲಿಯದು ಅಂತ ಹುಡುಕಬೇಕಾಗುವುದಿಲ್ಲ.

ಶಿಬುಯಾದ ಪ್ರಸಿದ್ಧ ಕ್ರಾಸಿಂಗಿನಲ್ಲಿ ಎಲ್ಲಾ ಕಡೆಯ ವಾಹನ ಒಟ್ಟಿಗೆ ನಿಲ್ಲುತ್ತವೆ, ಜನ ಎಲ್ಲಾ ದಿಕ್ಕಿಗೂ ದಾಟುತ್ತಾರೆ. ನಡುರಸ್ತೆಯಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ, ಹಿಂದಿನಿಂದ ಬರುವವರು ಆಫೀಸಿಗೆ ಹೊರಟವರು. ಸ್ಟೇಷನ್ನಿನಿಂದ ಮಾರ್ಕ್ ಸಿಟಿ ಕಟ್ಟಡಕ್ಕೆ ಹೋಗುವ ಮೇಲ್ಸೇತುವೆಯಂಥ ದಾರಿ ಇದೆ. ಅದರ ಗಾಜಿನ ಕಿಟಕಿಯಿಂದ ಕ್ರಾಸಿಂಗ್ ಪೂರ್ತಿ ಕಾಣುತ್ತದೆ. ಈಗ ಆ ಕಪ್ಪು ಬಟ್ಟೆ ತೆಗೆಯಿರಿ. ಲೆನ್ಸನ್ನು ಗಾಜಿಗೆ ಒತ್ತಿ, ಸುತ್ತ ಬಟ್ಟೆ ಮುಚ್ಚಿ. ಒಳಗಿನ ದೀಪದ ಪ್ರತಿಬಿಂಬ ಹೋಗುತ್ತದೆ. ಗಾಜಿಗೆ ಒತ್ತಿರುವುದರಿಂದ ಕೈ ಅಲುಗುವುದೂ ಕಡಿಮೆ. ಶಟರ್ ಸ್ಪೀಡನ್ನು, ಅಂದರೆ ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತನ್ನು, ಕಾಲು ಸೆಕೆಂಡಿಗೆ ಇಟ್ಟರೆ ನಡೆಯುವವರು ಮಸುಕು ಮಸುಕಾಗಿ ಹರಿಯುತ್ತಾರೆ, ನಿಂತವರು ಗಟ್ಟಿಯಾಗಿ ಉಳಿಯುತ್ತಾರೆ.

ಕಿಟಕಿಗೆ ಬೆನ್ನು ತಿರುಗಿಸಿದರೆ ಅದೇ ದಾರಿಯ ಗೋಡೆಯಲ್ಲಿ 30 ಮೀಟರ್ ಉದ್ದದ ಒಂದು ಭಿತ್ತಿಚಿತ್ರ. ಒಕಾಮೊತೊ ತಾರೋ ಅವರದು, ಅಣುಬಾಂಬ್ ಸಿಡಿಯುವ ಗಳಿಗೆಯನ್ನು ಬಿಡಿಸಿದ್ದು. ಮೆಕ್ಸಿಕೋದ ಒಂದು ಹೋಟೆಲಿಗೆಂದು ಬರೆದದ್ದು ಕಳೆದುಹೋಗಿ, 2003ರಲ್ಲಿ ಸಿಕ್ಕಿ, 2008ರಿಂದ ಇಲ್ಲಿದೆ. ದಿನಾ ಓಡಾಡುವವರು ತಲೆ ಎತ್ತಿಯೂ ನೋಡದೆ ಅದರ ಮುಂದೆ ನಡೆಯುತ್ತಾರೆ. ನನಗೆ ಕ್ರಾಸಿಂಗಿಗಿಂತ ಈ ಗೋಡೆ, ಅದರ ಮುಂದಿನ ಆ ಅವಸರದ ನೆರಳುಗಳು ಜಾಸ್ತಿ ಇಷ್ಟ.

ಎತ್ತರದಿಂದ ಊರು ನೋಡಲು ದುಡ್ಡು ಕೊಡಲೇಬೇಕೆಂದಿಲ್ಲ. ಶಿಂಜುಕುವಿನ ಟೋಕಿಯೋ ಮಹಾನಗರ ಸರ್ಕಾರದ ಕಟ್ಟಡದಲ್ಲಿ 45ನೇ ಮಹಡಿಗೆ, 202 ಮೀಟರ್ ಎತ್ತರಕ್ಕೆ, ಪುಕ್ಕಟೆ ಬಿಡುತ್ತಾರೆ. ಅಲ್ಲೂ ಅದೇ ಕಪ್ಪು ಬಟ್ಟೆ.

ರೈಲಿನಲ್ಲಿ: ಇ ಸೀಟು ಮತ್ತು ಒಂದು ನದಿ

ಟೋಕಿಯೋದಿಂದ ಕ್ಯೋಟೋಗೆ ನೊಝೋಮಿ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ಟಿಕೆಟ್ ಮಾಡಿಸುವಾಗ ಇ ಸೀಟು ಕೇಳಿ. ಫುಜಿ ಕಾಣುವ ಕಡೆಯ ಕಿಟಕಿ ಅದು. ವಾಪಸ್ ಬರುವಾಗಲೂ ಇ ಸೀಟೇ. ಹೊರಟ 40-45 ನಿಮಿಷಕ್ಕೆ ಸಿದ್ಧವಾಗಿ ಕೂರಿ. ಶಿನ್-ಫುಜಿ ಸ್ಟೇಷನ್ ದಾಟಿದ ಮೇಲೆ ರೈಲು ಫುಜಿ ನದಿಯ ಸೇತುವೆ ಮೇಲೆ ಓಡುತ್ತದೆ. ಕ್ಯಾಲೆಂಡರುಗಳಲ್ಲಿ ಬರುವುದು ಅದೇ ನೋಟ, ಮುಂದೆ ನದಿ, ಹಿಂದೆ ಪರ್ವತ. ಸಿಗುವುದು ಕೆಲವೇ ಸೆಕೆಂಡು. ಶಟರ್ ಸ್ಪೀಡ್ 1/1000 ಸೆಕೆಂಡಿಗಿಂತ ವೇಗವಾಗಿ ಇಡಿ, ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆಯಿರಿ. ಹತ್ತರಲ್ಲಿ ಏಳಕ್ಕೆ ಸೇತುವೆಯ ಕಂಬಿ ಅಡ್ಡ ಬರುತ್ತದೆ, ಮೂರು ಉಳಿಯುತ್ತವೆ.

ಆ ಸೇತುವೆ ದಾಟಿದ ಮೇಲೆ ಮಾಡಬೇಕಾದ ಇನ್ನೊಂದು ಕೆಲಸ ಇದೆ, ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಸಾಕಾದಲ್ಲಿ ರಾತ್ರಿ ತೆಗೆದ ನನ್ನ ಎಲ್ಲಾ ವಿಡಿಯೋಗಳಲ್ಲಿ ಅಂಗಡಿ ದೀಪಗಳು ಮಿಣುಕುತ್ತಿದ್ದವು. ಅಡ್ಡಡ್ಡ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿದ್ದವು. ಟೋಕಿಯೋದಲ್ಲಿ ಅದೇ ಸೆಟ್ಟಿಂಗ್ ಇಟ್ಟು ತೆಗೆದದ್ದು ಚೆನ್ನಾಗಿಯೇ ಬಂದಿತ್ತು. ಕ್ಯಾಮೆರಾ ಕೆಟ್ಟಿತೆಂದು ಒಂದು ಇಡೀ ಸಂಜೆ ಪರದಾಡಿದೆ. ಕೆಟ್ಟಿದ್ದು ಕ್ಯಾಮೆರಾ ಅಲ್ಲ. ಜಪಾನಿನಲ್ಲಿ ಕರೆಂಟು ಎರಡು ಥರ. ಪೂರ್ವಕ್ಕೆ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವ ಕರೆಂಟು, ಪಶ್ಚಿಮಕ್ಕೆ 60 ಹರ್ಟ್ಸ್. ದೀಪಗಳೂ ಅದೇ ತಾಳಕ್ಕೆ ಮಿಣುಕುತ್ತವೆ, ಕ್ಯಾಮೆರಾದ ತಾಳ ಅದಕ್ಕೆ ಹೊಂದದಿದ್ದರೆ ಪಟ್ಟಿ ಬರುತ್ತದೆ. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯ ಜನರೇಟರ್ ತಂದರು, ಒಸಾಕಾದವರು ಅಮೆರಿಕದ್ದು ತಂದರು. ಅದು ಇವತ್ತಿಗೂ ಹಾಗೇ ಉಳಿದಿದೆ. ಎರಡರ ಗಡಿ ಎಲ್ಲಿ ಗೊತ್ತಾ? ಅದೇ ಫುಜಿ ನದಿ.

ನಮ್ಮ ದೇಶದ್ದೂ 50 ಹರ್ಟ್ಸ್. ಹಾಗಾಗಿ ಇಲ್ಲಿಂದ ಒಯ್ದ ಕ್ಯಾಮೆರಾ ಟೋಕಿಯೋದಲ್ಲಿ ತಕರಾರು ಮಾಡುವುದಿಲ್ಲ. ಫುಜಿಯ ಫೋಟೋ ತೆಗೆದಾದ ಮೇಲೆ ಕ್ಯಾಮೆರಾ ಕೆಳಗಿಡುವ ಮುಂಚೆ ಮೆನುವಿಗೆ ಹೋಗಿ, ಫ್ಲಿಕರ್ ಸೆಟ್ಟಿಂಗನ್ನು 50ರಿಂದ 60ಕ್ಕೆ ಬದಲಾಯಿಸಿ. ಕೈಯಲ್ಲೇ ಶಟರ್ ಸ್ಪೀಡ್ ಇಡುವವರು ಟೋಕಿಯೋದಲ್ಲಿ ದೀಪದ ಕೆಳಗೆ 1/50 ಅಥವಾ 1/100, ಕ್ಯೋಟೋ, ಒಸಾಕಾದಲ್ಲಿ 1/60 ಅಥವಾ 1/125 ಇಡಿ. ಎಲ್‌ಇಡಿ ಪರದೆಗಳು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಅವಕ್ಕೆ ಒಂದೆರಡು ಸಲ ತೆಗೆದು ನೋಡಿಯೇ ಸರಿಮಾಡಬೇಕು.

ಪ್ಲಾಟ್‌ಫಾರ್ಮಿನಲ್ಲಿ ರೈಲಿನ ಫೋಟೋ ತೆಗೆಯುವಾಗ ಫ್ಲ್ಯಾಷ್ ಆಫ್ ಇರಲಿ, ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಸೆಲ್ಫಿ ಸ್ಟಿಕ್ಕನ್ನು ಚೀಲದಿಂದ ತೆಗೆಯಲೇಬೇಡಿ. ಹಳದಿ ಉಬ್ಬು ಪಟ್ಟಿ ದಾಟಬೇಡಿ, ಅದರ ಮೇಲೆ ಬ್ಯಾಗ್ ಇಡಬೇಡಿ. ಅದು ಕಣ್ಣು ಕಾಣದವರ ದಾರಿ. ನಮ್ಮ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲೂ ಇದೆಯಲ್ಲ, ಅದು ಹುಟ್ಟಿದ್ದು ಜಪಾನಿನಲ್ಲಿ. ಮೊದಲು ಹಾಸಿದ್ದು 1967ರಲ್ಲಿ, ಒಕಾಯಾಮಾ ಊರಿನ ಒಂದು ರಸ್ತೆಯಲ್ಲಿ.

ಕ್ಯೋಟೋ: ಹತ್ತಿ, ಆಮೇಲೆ ತಿರುಗಿ ನೋಡಿ

ಫುಶಿಮಿ ಇನಾರಿ ಗುಡಿ ದಿನವಿಡೀ ತೆರೆದಿರುತ್ತದೆ, ಟಿಕೆಟ್ ಇಲ್ಲ. ಕ್ಯೋಟೋ ಸ್ಟೇಷನ್ನಿನಿಂದ ನಾರಾ ಲೈನಿನಲ್ಲಿ ಐದು ನಿಮಿಷ, ಇಳಿದರೆ ಎದುರಿಗೇ ದ್ವಾರ. ಸಾವಿರಾರು ಕೆಂಪು ತೋರಿ ಕಮಾನುಗಳು 233 ಮೀಟರಿನ ಬೆಟ್ಟದುದ್ದಕ್ಕೂ ಹತ್ತುತ್ತವೆ. ಮೊದಲ ರೈಲಿಗೇ ಹೋಗಿ. ಏಳೂವರೆ ಆದರೆ ಕಮಾನು ಕಾಣುವುದಿಲ್ಲ, ಬೆನ್ನುಗಳು ಕಾಣುತ್ತವೆ.

ನಾನು ಹೋದ ಬೆಳಗ್ಗೆ ರಾತ್ರಿ ಮಳೆ ಬಂದು ನಿಂತಿತ್ತು. ಕಲ್ಲಿನ ಮೆಟ್ಟಿಲು ಒದ್ದೆ. ಕಮಾನುಗಳ ನಡುವಿನ ಸಂದುಗಳಿಂದ ಬೆಳಕು ಸೀಳಾಗಿ ಬಿದ್ದು, ಆ ಒದ್ದೆಯಲ್ಲೂ ಕೆಂಪು ಕಾಣುತ್ತಿತ್ತು. ಹತ್ತುವಾಗ ಕಂಬಗಳ ಮೇಲೆ ಏನೂ ಇರಲಿಲ್ಲ, ಬರೀ ಬಣ್ಣ. ಉಸಿರು ಕಟ್ಟಿ ಒಂದು ತಿರುವಿನಲ್ಲಿ ನಿಂತು ಹಿಂದೆ ತಿರುಗಿದೆ. ಪ್ರತಿ ಕಂಬದ ಹಿಂಬದಿಗೂ ಮೇಲಿಂದ ಕೆಳಗೆ ಕಪ್ಪು ಅಕ್ಷರಗಳು! ಕಮಾನು ಮಾಡಿಸಿಕೊಟ್ಟ ಅಂಗಡಿ, ಕಂಪನಿ, ಮನೆತನಗಳ ಹೆಸರು, ತಾರೀಕು. ಇನಾರಿ ಅಕ್ಕಿಯ ದೇವರು, ವ್ಯಾಪಾರದ ದೇವರು. ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸಿದ ಹಾಗೇ ಅಲ್ವಾ ಅಂತ ನಗು ಬಂತು. ಎರಡೂ ಬದಿಯ ಫೋಟೋ ತೆಗೆಯಿರಿ. ಹತ್ತುವಾಗಿನದು ಮೌನ, ಇಳಿಯುವಾಗಿನದು ಮಾತು.

ಸೂರ್ಯನ ಬೆಳಕಲ್ಲಿ ಆ ಕೆಂಪು ಫೋನಿನಲ್ಲಿ ಕಿತ್ತಳೆಯಾಗಿ ಚೆಲ್ಲಾಡುತ್ತದೆ. ಪರದೆಯ ಮೇಲೆ ಕಮಾನನ್ನು ಮುಟ್ಟಿ, ಎಕ್ಸ್‌ಪೋಷರನ್ನು, ಅಂದರೆ ಫೋಟೋದ ಬೆಳಕನ್ನು, ಸ್ವಲ್ಪ ಕೆಳಗೆ ಎಳೆಯಿರಿ. ಅಷ್ಟು ಸಾಕು.

ಸಂಜೆ ಗಿಯೋನ್, ಗೇಶಾ ಕಲಾವಿದೆಯರಿಗೆ ಹೆಸರಾದ ಕ್ಯೋಟೋದ ಹಳೇ ಬಡಾವಣೆ. ಇಲ್ಲಿ ನನ್ನ ಸಲಹೆ ಕ್ಯಾಮೆರಾ ಇಳಿಸಿ ಅಂತಲೇ. ಗೇಕೋ ಅಂದರೆ ಕ್ಯೋಟೋದ ಗೇಶಾ, ಮೈಕೋ ಅಂದರೆ ಆ ಕಲೆ ಕಲಿಯುತ್ತಿರುವ ಹುಡುಗಿ. ಅವರು ಕೆಲಸಕ್ಕೆ ಹೊರಟ ಕಲಾವಿದೆಯರು. ಪ್ರವಾಸಿಗರು ಅವರನ್ನು ಅಟ್ಟಿಸಿಕೊಂಡು ಹೋಗಿ, ಕಿಮೊನೋ ಎಳೆದದ್ದರಿಂದ 2019ರಲ್ಲಿ ಅಲ್ಲಿನವರು ಖಾಸಗಿ ಗಲ್ಲಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡ ಅಂತ ಬೋರ್ಡ್ ಹಾಕಿದರು. 2024ರಲ್ಲಿ ಕೆಲವು ಗಲ್ಲಿಗಳಿಗೆ ಪ್ರವಾಸಿಗರು ಕಾಲಿಡುವುದನ್ನೇ ನಿಲ್ಲಿಸಿದರು. ಹನಾಮಿಕೋಜಿ ದೊಡ್ಡ ರಸ್ತೆ ಸಾರ್ವಜನಿಕ, ಅಲ್ಲಿನ ಮರದ ಮನೆ, ಬಿದಿರಿನ ಪರದೆ, ದೀಪಗಳನ್ನು ತೆಗೆಯಬಹುದು. ಯಾರಾದರೂ ಮೈಕೋ ಎದುರು ಬಂದರೆ ದಾರಿ ಬಿಡಿ, ಕಣ್ಣಲ್ಲೇ ನೋಡಿ. ಕಿಮೊನೋ ಫೋಟೋ ಬೇಕೇ ಬೇಕು ಅಂದರೆ, ಬಾಡಿಗೆ ಕಿಮೊನೋ ಉಟ್ಟು ಓಡಾಡುವ ಪ್ರವಾಸಿಗರು ಬೇಕಾದಷ್ಟು ಜನ. ಕೇಳಿದರೆ ಬಹಳ ಸಲ ಖುಷಿಯಿಂದ ನಿಲ್ಲುತ್ತಾರೆ.

ಫುಜಿ ಪರ್ವತದ ಬುಡದ ಫುಜಿಕಾವಾಗುಚಿಕೊ ಪಟ್ಟಣದಲ್ಲೂ ಹೀಗೇ ಆದ ಕಥೆ ಕೇಳಿರಬಹುದು. ಒಂದು ಲಾಸನ್ ಅಂಗಡಿಯ ಹಿಂದೆ ಫುಜಿ ಕಾಣುತ್ತದೆ ಅಂತ ಜನ ರಸ್ತೆಗೆ ಅಡ್ಡಡ್ಡ ನುಗ್ಗಿ, ಕಸ ಚೆಲ್ಲಿ, 2024ರ ಮೇ ತಿಂಗಳಲ್ಲಿ ಊರಿನವರು 2.5 ಮೀಟರ್ ಎತ್ತರದ, 20 ಮೀಟರ್ ಉದ್ದದ ಕಪ್ಪು ಪರದೆಯನ್ನೇ ಕಟ್ಟಿಬಿಟ್ಟರು. ಪರದೆಗೆ ಲೆನ್ಸ್ ತೂರುವಷ್ಟು ತೂತು ಮಾಡಿದರು ನಮ್ಮ ಫೋಟೋ ಪ್ರಿಯರು. ಆಗಸ್ಟಿನಲ್ಲಿ ಬಿರುಗಾಳಿಯ ಭಯಕ್ಕೆ ಪರದೆ ಇಳಿಸಿದರು.

ಒಸಾಕಾ: ಇಪ್ಪತ್ತು ನಿಮಿಷದ ನೀಲಿ

ದೋತೊಂಬೊರಿ ಕಾಲುವೆಯ ಪಕ್ಕ ಕೈ ಎತ್ತಿ ಓಡುವ ಗ್ಲಿಕೊ ಓಟಗಾರನ ಬೋರ್ಡ್ ಮೊದಲು ಬಂದಿದ್ದು 1935ರಲ್ಲಿ. ಈಗಿನದು ಆರನೆಯದು, 2014ರಿಂದ ಇರುವ ಎಲ್‌ಇಡಿ ಬೋರ್ಡ್. ಕತ್ತಲಾದ ಮೇಲೆ ತೆಗೆದರೆ ಬೋರ್ಡು ಬಿಳಿಯಾಗಿ ಸುಟ್ಟು, ಆಕಾಶ ಇದ್ದಿಲಿನ ಹಾಗೆ ಬರುತ್ತದೆ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ಮೂವತ್ತು ನಿಮಿಷ ಆಕಾಶ ಗಾಢ ನೀಲಿ ಇರುತ್ತದೆ, ದೀಪಗಳೂ ಹತ್ತಿರುತ್ತವೆ. ಆ ಹೊತ್ತಿಗೆ ಎಬಿಸು ಸೇತುವೆ ಮೇಲೆ ಜಾಗ ಹಿಡಿದಿರಿ. ಮಳೆ ಬಂದರೆ ಹೋಟೆಲಿಗೆ ಓಡಬೇಡಿ. ಕೊಂಬಿನಿಯಲ್ಲಿ, ಅಂದರೆ ಇಪ್ಪತ್ನಾಲ್ಕು ಗಂಟೆಯ ಅಂಗಡಿಯಲ್ಲಿ, ಒಂದು ಪಾರದರ್ಶಕ ಕೊಡೆ ಕೊಳ್ಳಿ. ಫೋನನ್ನು ತಲೆಕೆಳಗು ಮಾಡಿ ಲೆನ್ಸನ್ನು ನೆಲಕ್ಕೆ ಹತ್ತಿರ ಹಿಡಿಯಿರಿ. ಅಂಗೈಯಗಲದ ನೀರು ಸಾಕು, ಬೀದಿಯೆಲ್ಲ ಎರಡಾಗುತ್ತದೆ.

ಆಮೇಲೆ ಕಾಲಡಿ ನೋಡಿ. ಅಲ್ಲಿ ಒಂದೊಂದು ಊರಿನ ಮ್ಯಾನ್‌ಹೋಲ್ ಮುಚ್ಚಳಕ್ಕೂ ತನ್ನದೇ ವಿನ್ಯಾಸ, ಒಸಾಕಾದಲ್ಲಿ ಕೋಟೆ ಮತ್ತು ಸಕುರಾ. ಹೋಟೆಲಿನ ಗಾಜಿನ ಹಿಂದೆ ಪ್ಲಾಸ್ಟಿಕ್ ಊಟ, ಗಾಳಿಯಲ್ಲಿ ನಿಂತ ಚಮಚದ ಸಮೇತ. ಫೋಟೋಕ್ಕೆ ನಿಜದ್ದಕ್ಕಿಂತ ಇದೇ ವಾಸಿ, ಆರುವುದಿಲ್ಲ. ಆದರೆ ಸಸ್ಯಾಹಾರಿಗಳು ಅದನ್ನು ನೋಡಿ ತರಕಾರಿಯೇ ಅಂತ ನಂಬಬೇಡಿ, ಸಾರಿನಲ್ಲಿ ಬಹಳ ಸಲ ಮೀನಿರುತ್ತದೆ.

ಜನರನ್ನು ಕೇಳುವುದು

ಎರಡು ಮಾತು ಬಾಯಿಪಾಠ ಮಾಡಿ. "ಸುಮಿಮಾಸೆನ್", ಅಂದರೆ ಕ್ಷಮಿಸಿ, ಸ್ವಲ್ಪ ಕೇಳಿ. "ಶಾಶಿನ್ ಓ ತೊತ್ತೆಮೊ ಈ ದೆಸ್ ಕಾ?" ಅಂದರೆ ಫೋಟೋ ತೆಗೆಯಬಹುದಾ? ಉಚ್ಚಾರ ಕೆಟ್ಟರೂ ಪರವಾಗಿಲ್ಲ, ಕ್ಯಾಮೆರಾ ತೋರಿಸಿ ತಲೆ ಬಗ್ಗಿಸಿದರೆ ಅರ್ಥವಾಗುತ್ತದೆ. ಬೇಡ ಅಂದರೆ ಅವರು ಎದೆಯ ಮುಂದೆ ಎರಡು ಕೈ ಅಡ್ಡ ಹಿಡಿಯುತ್ತಾರೆ, ಗುಣಿಸು ಚಿಹ್ನೆಯ ಹಾಗೆ. ಅಲ್ಲಿಗೆ ಮುಗಿಯಿತು, ಚೌಕಾಸಿ ಬೇಡ. ದೇವಸ್ಥಾನದ ಗರ್ಭಗುಡಿಯಲ್ಲಿ, ಸಣ್ಣ ಬಾರುಗಳಲ್ಲಿ, ಬಿಸಿನೀರಿನ ಸ್ನಾನದ ಮನೆಯ ಹತ್ತಿರ ಕೇಳುವುದಕ್ಕೂ ಮುಂಚೆ ಗೋಡೆ ನೋಡಿ. ಕ್ಯಾಮೆರಾದ ಮೇಲೆ ಅಡ್ಡಗೆರೆ ಎಳೆದ ಚಿತ್ರ ಇದ್ದೇ ಇರುತ್ತದೆ.

ಜಪಾನಿನಲ್ಲಿ ಮಾರುವ ಫೋನುಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾದ ಸದ್ದನ್ನು ನಿಲ್ಲಿಸಲು ಆಗುವುದಿಲ್ಲ. ಕದ್ದು ತೆಗೆಯುವವರನ್ನು ತಡೆಯಲು ಕಂಪನಿಗಳೇ ಹಾಗೆ ಮಾಡಿವೆ. ನಿಮ್ಮ ಫೋನಿನಲ್ಲೂ ಸದ್ದು ಇರಲಿ. ಎಸ್ಕಲೇಟರಿನಲ್ಲಿ, ರೈಲಿನಲ್ಲಿ ಫೋನನ್ನು ಸುಮ್ನೆ ಕೆಳಗೆ ವಾಲಿಸಿ ಹಿಡಿಯಬೇಡಿ. 2023ರಿಂದ ಅಶ್ಲೀಲವಾಗಿ ಕದ್ದು ಫೋಟೋ ತೆಗೆಯುವುದರ ವಿರುದ್ಧ ದೇಶಕ್ಕೆಲ್ಲ ಒಂದೇ ಕಾನೂನಿದೆ. ನೀವು ತಪ್ಪು ಮಾಡದಿದ್ದರೂ ವಿವರಣೆ ಕೊಡುವ ಪಾಡು ಯಾಕೆ? ಬೀದಿಯ ಫೋಟೋ ಆನ್‌ಲೈನಿಗೆ ಹಾಕುವಾಗ ಗುರುತು ಸಿಗುವ ಮುಖಗಳನ್ನು, ಅದರಲ್ಲೂ ಮಕ್ಕಳ ಮುಖಗಳನ್ನು ಮಸುಕು ಮಾಡಿ. ಅಲ್ಲಿನವರೂ ಹಾಗೇ ಮಾಡುತ್ತಾರೆ.

ರಾತ್ರಿ ರೂಮಿಗೆ ಬಂದ ಮೇಲೆ

ದಿನಾ ರಾತ್ರಿ ಎರಡು ಕಡೆ ಕಾಪಿ ಮಾಡಿ. ಅಳಿಸುವ ಕೆಲಸವನ್ನೂ ಆಗಲೇ ಶುರುಮಾಡಿ, ದಿನಕ್ಕೆ ಇಪ್ಪತ್ತು ಉಳಿದರೆ ಸಾಕು. ಊರಿಗೆ ಬಂದ ಮೇಲೆ ಮಾಡುತ್ತೇನೆ ಅಂದವರ ಮೂರು ಸಾವಿರ ಹಾಗೇ ಕೊಳೆಯುತ್ತದೆ, ನಂದು ಕೊಳೆತಿದೆ.

ಇನ್ನೊಂದು ಕೆಲಸ. ಕೊಂಬಿನಿಯ ಜೆರಾಕ್ಸ್ ಮಷೀನಿನಲ್ಲಿ ಫೋನಿನಿಂದಲೇ ಫೋಟೋ ಪ್ರಿಂಟ್ ತೆಗೆಯಬಹುದು. ಕೆಲವೇ ನಾಣ್ಯದ ಖರ್ಚು. ಅಸಾಕುಸಾದ ಹಿಂದಿನ ಗಲ್ಲಿಯಲ್ಲಿ ಒಬ್ಬ ಅಜ್ಜಿ ಕೆಂಡದ ಮೇಲೆ ಸೆಂಬೆ, ಅಂದರೆ ಅಕ್ಕಿಯ ಗರಿಗರಿ ಬಿಲ್ಲೆ, ಸುಡುತ್ತಿದ್ದರು. ಮೊದಲ ದಿನ ಕೇಳಿದಾಗ ಮುಖಕ್ಕೆ ಕೈ ಅಡ್ಡ ಹಿಡಿದರು. ಆಮೇಲೆ ಕೈಗಳನ್ನಾದರೆ ತೆಗೆದುಕೋ ಅನ್ನುವ ಹಾಗೆ ಇಕ್ಕಳ ಮುಂದೆ ಮಾಡಿದರು. ಬೆರಳ ತುದಿ ಕಪ್ಪಾಗಿತ್ತು, ಸೋಯಾ ಬಳಿದ ಸೆಂಬೆ ಹೊಳೆಯುತ್ತಿತ್ತು. ಅದನ್ನು ಪ್ರಿಂಟ್ ಹಾಕಿಸಿ ಹೊರಡುವ ಬೆಳಗ್ಗೆ ಒಯ್ದು ಕೊಟ್ಟೆ. ಕನ್ನಡಕ ಹಾಕಿಕೊಂಡು ದೂರ ಹಿಡಿದು ನೋಡಿದರು, ತಮ್ಮ ಕೈಗೂ ಫೋಟೋಗೂ ಹೋಲಿಸಿ ನೋಡಿದರು. ಗಲ್ಲಾಪೆಟ್ಟಿಗೆಯ ಪಕ್ಕ ಅದನ್ನು ಸಿಕ್ಕಿಸಿ, ಎರಡೂ ಕೈ ತಲೆಯ ಮೇಲೆ ಎತ್ತಿ ದೊಡ್ಡ ಸೊನ್ನೆ ಮಾಡಿದರು. ಜಪಾನಿನಲ್ಲಿ ಸರಿ ಅನ್ನುವುದಕ್ಕೆ ಅದು ಗುರುತು. ಆಮೇಲೆ ತಮ್ಮ ಏಪ್ರನ್ ಸರಿಮಾಡಿಕೊಂಡು ನನ್ನ ಕ್ಯಾಮೆರಾದ ಕಡೆ ಬೆರಳು ತೋರಿಸಿ, ನೆಟ್ಟಗೆ ನಿಂತರು.